ಅಜ್ಜನ ಕೋವಿಯ ವಯಸ್ಸು ಹೇಳಿದ ಹಿರಿಯರಿಗೆ

ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ನಾಲ್ಕು ಜನರ ಮುಂದೆ ಧನ್ಯವಾದ ಹೇಳದೆ ಇರಲು ಆಗುತ್ತಿಲ್ಲ.

ನಮ್ಮ ಮನೆಯ ಜೋಡಿನಳಿಗೆ ಕೋವಿಯನ್ನು ಪ್ರತಿ ವರ್ಷ ಕೈಲ್‌ಪೊಳ್ದ್‌ಗೆ (ಕೊಡವರ ಆಯುಧಪೂಜೆ ಹಬ್ಬ) ಒರೆಸಿ, ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು ಅಂತ ಗೊತ್ತಿತ್ತು, ಅಷ್ಟೇ. ಅಂಗಡಿಯವರೊಬ್ಬರು ಹಳೇ ಸಾಮಾನು, ಏನೂ ಬರಲ್ಲ ಅಂದಾಗ ಅಪ್ಪ ಎರಡು ದಿನ ಮಾತಾಡಿರಲಿಲ್ಲ.

ನೀವು ಮೊದಲು ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿದಿರಿ. ಆಮೇಲೆ ನಳಿಗೆ ಬಿಚ್ಚಿ, ಅಡಿಭಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿದಿರಿ. ನಾವು ಗೀರು ಅಂದುಕೊಂಡಿದ್ದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಅಂದರೆ ಕೋವಿಗಳನ್ನು ಪರೀಕ್ಷಿಸುವ ಸಂಸ್ಥೆಯ, ಮುದ್ರೆ! ಕಿರೀಟದ ಕೆಳಗೆ 'ಎನ್‌ಪಿ', ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ. ಪಕ್ಕದ ಸಣ್ಣ ಗುರುತಿನಲ್ಲಿ 'ಡಿ' ಅಕ್ಷರ. ಅಲ್ಲಿ ವರ್ಷಕ್ಕೊಂದು ಅಕ್ಷರ, 1950ಕ್ಕೆ 'ಎ', ಹಾಗೆ ಎಣಿಸಿದರೆ 1953. ಅಪ್ಪ ಬೆರಳು ಮಡಚಿ ತಾವೂ ಎಣಿಸಿದರು.

ದರ್ಜೆ ಹೇಳಿದ್ದು ಕೆತ್ತನೆ ನೋಡಿ. ವೆಬ್ಲಿಯ ಈ ಮಾದರಿಗಳಲ್ಲಿ 700 ಸಾದಾ, 701 ಎಲ್ಲಕ್ಕಿಂತ ಮೇಲಿನದು, ನಮ್ಮದು ನಡುವಿನ 702. ದೊಡ್ಡ ನಂಬರ್ ದೊಡ್ಡ ದರ್ಜೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಋಣಿಯಾಗಿರುವುದು ಒಂದು ಮಾತಿಗೆ. ಚೇಂಬರ್ (ತೋಟಾ ಕೂರುವ ಜಾಗ) 2½ ಇಂಚು, ಈಗಿನ 2¾ ಇಂಚಿನ ತೋಟಾ ಹಾಕಲೇಬೇಡಿ ಅಂದಿರಿ. ನನ್ನ ತಮ್ಮ ಅದೇ ತೋಟಾ ತಂದಿಟ್ಟಿದ್ದ. ಅವತ್ತೇ ವಾಪಸ್ ಕೊಟ್ಟು ಬಂದ.

ದುಡ್ಡು ಬೇಡ ಅಂದಿರಿ. ತೋಟದ ಕಾಳುಮೆಣಸು ಕಳಿಸುತ್ತಿದ್ದೇನೆ, ಅದನ್ನಾದರೂ ಬೇಡ ಅನ್ನಬೇಡಿ.