ಶಾಂತಿಸಾಗರ ಕೆರೆಯಲ್ಲಿ ವಿದ್ಯುತ್ ದೋಣಿಯ ಪರೀಕ್ಷೆಗೆ ಅವಕಾಶ ನೀಡಿ

ಮಾನ್ಯ ಸಂಪಾದಕರೇ,

ಚನ್ನಗಿರಿ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಕೃಷಿ ಹೊಂಡದಲ್ಲಿ ನಾನೂ ನನ್ನ ತಮ್ಮನೂ ಪ್ಲೈವುಡ್ ಮತ್ತು ಫೈಬರ್‌ನಿಂದ ಕೈಯಾರೆ ಕಟ್ಟಿದ ಹನ್ನೆರಡು ಅಡಿಯ ವಿದ್ಯುತ್ ದೋಣಿಯನ್ನು ಪರೀಕ್ಷಿಸುತ್ತಿದ್ದೇವೆ. 48 ವೋಲ್ಟ್ ಬ್ಯಾಟರಿಯಿಂದ 20 ಆಂಪಿಯರ್, ಅಂದರೆ 960 ವಾಟ್ ಬಳಸಿದಾಗ ದೋಣಿ ಇಬ್ಬರನ್ನು ಹೊತ್ತು ನಿರಾಯಾಸವಾಗಿ ಸಾಗುತ್ತದೆ. ವೇಗ ಹೆಚ್ಚಿಸಿದರೆ ನೀರಿನ ತಡೆ ಅದಕ್ಕಿಂತ ಬೇಗ ಏರುವುದರಿಂದ ಬ್ಯಾಟರಿ ಬಹುಬೇಗ ಬರಿದಾಗುತ್ತದೆ. ನಮ್ಮನ್ನು ಹೆಚ್ಚು ಕಾಡಿದ್ದು ಮೋಟಾರಲ್ಲ, ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ಶಾಫ್ಟ್ (ದಂಡ) ದೋಣಿಯ ತಳದಿಂದ ಹೊರಹೋಗುವ ರಂಧ್ರ. ಅಲ್ಲಿಂದ ಹನಿಹನಿಯಾಗಿ ಒಸರಿದ ನೀರು ಅರ್ಧ ಗಂಟೆಯಲ್ಲಿ ಬ್ಯಾಟರಿ ಪೆಟ್ಟಿಗೆಯ ಬುಡ ಮುಟ್ಟಿತ್ತು. ಗ್ರೀಸ್ ಸವರಿದ ಹತ್ತಿಯ ಹುರಿಯನ್ನು ಸುತ್ತಿ ಬಿಗಿದ ಮೇಲೆ ಒಸರುವುದು ನಿಂತಿತು. ಆದರೂ ಪೆಟ್ಟಿಗೆಯನ್ನು ಒಂದು ಗೇಣು ಮೇಲಕ್ಕೇರಿಸಿದ್ದೇವೆ.

ಹೊಂಡದಲ್ಲಿ ಗಾಳಿಯ ಹೊಡೆತವಾಗಲೀ ಅಲೆಯಾಗಲೀ ಇಲ್ಲದ ಕಾರಣ ದೋಣಿಯ ನಿಜವಾದ ಸಮತೋಲನ ಅಲ್ಲಿ ತಿಳಿಯದು. ಸೂಳೆಕೆರೆಯೆಂದು ನಾವು ಕರೆಯುವ ಶಾಂತಿಸಾಗರದ ನೀರನ್ನು ಚಿತ್ರದುರ್ಗದ ಜನರೂ ಕುಡಿಯುತ್ತಾರೆ. ಅಂತಹ ಕೆರೆಗೆ ಎಣ್ಣೆ ಸೋರುವ ಯಂತ್ರಗಳಿಗಿಂತ ವಿದ್ಯುತ್ ದೋಣಿಯೇ ತಕ್ಕದ್ದು. ಕೇರಳದ ವೈಕಂನಲ್ಲಿ ‘ಆದಿತ್ಯ’ ಎಂಬ ಸೌರ ದೋಣಿ 2017ರಲ್ಲೇ ಪ್ರಯಾಣಿಕರ ಸೇವೆಗೆ ಇಳಿದಿದೆ.

ಆದ್ದರಿಂದ ಜಿಲ್ಲಾಡಳಿತವು ದಡದ ಸಮೀಪ ಒಂದು ಜಾಗ ಗುರುತಿಸಿ, ಲೈಫ್ ಜಾಕೆಟ್ ಕಡ್ಡಾಯಗೊಳಿಸಿ, ಈಜುಬಲ್ಲವರ ಕಾವಲಿನಲ್ಲಿ ಇಂತಹ ಪರೀಕ್ಷೆಗಳಿಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ