ಲೈಬ್ರರಿಯಲ್ಲಿ ಎದುರು ಕೂತಿದ್ದವರಿಗೆ

ಪರೀಕ್ಷೆಯ ಹಿಂದಿನ ದಿನ ನೀವು ನನ್ನ ಎದುರು ಕೂತಿದ್ದಿರಿ. ನಾನು ನಿಮ್ಮ ಹೆಸರೂ ಕೇಳಲಿಲ್ಲ. ಧ್ವನಿ, ಪದ, ವಾಕ್ಯ, ಅರ್ಥ ಅಂತ ಭಾಷೆಯ ಹಂತಗಳನ್ನು ಸುಮ್ನೆ ಬಾಯಿಪಾಠ ಮಾಡುತ್ತಿದ್ದೆ. ನೀವು ನನ್ನ ನೋಟ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ ‘ಹಳೆಯ ಪುಸ್ತಕದ ಕಪಾಟು’ ಅಂತ ಬರೆದಿರಿ. ‘ಹಳೆಯದು ಯಾವುದು, ಪುಸ್ತಕವೋ ಕಪಾಟೋ?’ ಅಂದಿರಿ. ಧ್ವನಿ ಅದೇ, ಪದಗಳೂ ಅವೇ. ಯಾವುದು ಯಾವುದಕ್ಕೆ ಸೇರುತ್ತದೆ ಅನ್ನುವುದರ ಮೇಲೆ ಅರ್ಥವೇ ಬೇರೆ, ಅಲ್ವಾ! ಯಾರೂ ಹೇಳಿಕೊಡದಿದ್ದರೂ ಎರಡೂ ಅರ್ಥ ನನಗೆ ಗೊತ್ತಿತ್ತು. 1965ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಭಾಷೆಯ ಅರಿವನ್ನೂ ಬಳಕೆಯನ್ನೂ ಬೇರೆ ಮಾಡಿ ನೋಡಿದ್ದು ಯಾಕೆ ಅಂತ ಆಗಲೇ ಹೊಳೆಯಿತು. ಮಾತು ತಡವರಿಸಿದರೂ ಒಳಗಿನ ವ್ಯಾಕರಣ ಕೆಟ್ಟಿರುವುದಿಲ್ಲ. ‘ಕಾಲು’, ‘ಹಾಲು’ ಬರೆದು ಒಂದು ಧ್ವನಿಯ ಬೆಲೆಯನ್ನೂ ತೋರಿಸಿದಿರಿ. ಆ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ತುಂಬಾ ಥ್ಯಾಂಕ್ಸ್.