ನಮ್ಮ ಹೆಸರಿಗೆ ಕಾವಲು ಯಾರು? ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರೇ,

ನಮಸ್ಕಾರ. ನಾನು ಸಂಡೂರು ಕಡೆಯ ತಾಂಡಾದವಳು. ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಊರಲ್ಲಿ ಅಮ್ಮ, ಚಿಕ್ಕಮ್ಮಂದಿರು ಹಾಕುವ ಲಂಬಾಣಿ ಕಸೂತಿಯನ್ನು ಇಲ್ಲಿನ ಮೇಳಗಳಲ್ಲಿ ಮಾರುತ್ತೇನೆ. ನಿಮ್ಮನ್ನು ಕೇಳುವುದು ಇಷ್ಟೇ. 'ಸಂಡೂರು ಲಂಬಾಣಿ' ಅಂತ ಬೋರ್ಡ್ ಹಾಕುವವರ ಹತ್ತಿರ ಜಿಐ (ಭೌಗೋಳಿಕ ಗುರುತು, ಅಂದರೆ ಒಂದು ಊರಿನ ವಸ್ತುವಿನ ಹೆಸರಿಗೆ ಕಾನೂನಿನ ರಕ್ಷಣೆ) ಅಧಿಕೃತ ಬಳಕೆದಾರರ ಪ್ರಮಾಣಪತ್ರ, ಅಂದರೆ ಆ ಹೆಸರು ಬಳಸಲು ಅನುಮತಿಯ ಪತ್ರ, ಇದೆಯಾ ನೋಡಿ. ಇಲ್ಲದಿದ್ದರೆ ಸರ್ಕಾರಿ ಮೇಳದಲ್ಲಿ ಮಳಿಗೆ ಕೊಡಬೇಡಿ.

ನಮ್ಮ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿ ಹತ್ತು ವರ್ಷ ಯಾವಾಗಲೋ ದಾಟಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ನಮ್ಮ ಹೆಂಗಸರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಆಯಿತು. ಅವತ್ತು ತಾಂಡಾದಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಆಮೇಲೆ ಏನಾಯಿತು ಅಂತ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಸಲ ಬೆಂಗಳೂರಿನ ಒಂದು ಕರಕುಶಲ ಮೇಳಕ್ಕೆ ಅಮ್ಮನೂ ಬಂದಿದ್ದರು. ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಿ ಮಳಿಗೆಯಲ್ಲಿ ತೂಗುಹಾಕಿದ್ದರು. ಎದುರು ಸಾಲಿನಲ್ಲಿ ಇನ್ನೊಂದು ಮಳಿಗೆ. ಅಲ್ಲೂ 'ಸಂಡೂರು ಲಂಬಾಣಿ ಕೈಕಸೂತಿ' ಅಂತ ದೊಡ್ಡ ಬ್ಯಾನರ್. ನಾನು ಹೋಗಿ ಒಂದು ಬ್ಯಾಗ್ ಎತ್ತಿ ನೋಡಿದೆ. ಪೂರ್ತಿ ಮಷೀನ್ ಹೊಲಿಗೆ. ಕನ್ನಡಿ ಜಾಗದಲ್ಲಿ ಅಂಟಿಸಿದ ಪ್ಲಾಸ್ಟಿಕ್ ಬಿಲ್ಲೆ. ಉಗುರು ತಾಗಿದ್ದಕ್ಕೇ ಒಂದು ಕಿತ್ತು ಬಂತು. ನಮ್ಮಲ್ಲಿ ಒಂದೊಂದು ಕನ್ನಡಿಗೂ ಸುತ್ತ ದಾರ ಹೊಲಿದು ಕಟ್ಟುತ್ತಾರೆ. ಹದಿನಾಲ್ಕು ಬಗೆಯ ಹೊಲಿಗೆ ಇದೆ. ಸೂಜಿ ಹಿಡಿದು ಹಿಡಿದು ಅಮ್ಮನ ಹೆಬ್ಬೆರಳ ತುದಿ ಗಟ್ಟಿಯಾಗಿಬಿಟ್ಟಿದೆ. ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಹೀಗೆ ಕೈಯಲ್ಲಿ ಹೊಲಿದ ನಮ್ಮ ಬ್ಯಾಗಿಗೆ ಹದಿನೆಂಟು ನೂರು ರೂಪಾಯಿ ಅಂದರೆ, "ಎದುರಿಗೆ ಇನ್ನೂರೈವತ್ತಕ್ಕೆ ಇದೇ ಸಿಗುತ್ತಲ್ಲ" ಅಂತ ಜನ ಹೊರಟುಹೋಗುತ್ತಿದ್ದರು.

ಸಂಘಟಕರಿಗೆ ದೂರು ಕೊಟ್ಟೆ. ಅವರು ಬಂದು ಎರಡೂ ಮಳಿಗೆ ನೋಡಿದರು. ಆಮೇಲೆ ಹೇಳಿದ್ದು ಕೇಳಿ: "ಎರಡು ಕಡೆ ಒಂದೇ ಹೆಸರಿದ್ದರೆ ಗೊಂದಲ ಆಗುತ್ತಮ್ಮ. ನೀವೇ ನಿಮ್ಮ ಬೋರ್ಡ್ ತೆಗೆದುಬಿಡಿ."

ಪ್ರಮಾಣಪತ್ರ ಇರುವವರು ಬೋರ್ಡ್ ತೆಗೆಯಬೇಕಂತೆ! "ನಮ್ ಹೆಸರ ನಾವ್ಯಾಕ ತೆಗೀಬೇಕ್ರಿ?" ಅಂತ ಅಮ್ಮ ಕೇಳಿದರು. ಉತ್ತರ ಬರಲಿಲ್ಲ. ಜಾಸ್ತಿ ಮಾತಾಡಿದರೆ ಮಳಿಗೆಯನ್ನೇ ಖಾಲಿ ಮಾಡಿಸುತ್ತೇವೆ ಅಂತ ಎಚ್ಚರಿಕೆ ಬಂತು. ಸಚಿವರೇ, ಇದು ಯಾವ ನ್ಯಾಯ?

ಪೊಲೀಸ್ ಠಾಣೆಗೂ ಹೋದೆ. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದರು. ಇಲಾಖೆಯ ಕಚೇರಿಗೆ ಹೋದರೆ "ಚೆನ್ನೈಗೆ ಬರೆಯಿರಿ" ಅಂದರು.

ಕಾನೂನು ನಿಮಗೆ ಗೊತ್ತಿರುವುದೇ. 1999ರ ಜಿಐ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸುಳ್ಳು ಜಿಐ ಹಾಕುವುದು ಅಪರಾಧ. 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಹೀಗಿರುವಾಗ ಸಿವಿಲ್ ಮ್ಯಾಟರ್ ಹೇಗಾಗುತ್ತದೆ? ಡಿವೈಎಸ್ಪಿ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ಮಾಲು ಜಪ್ತಿ ಮಾಡಬಹುದು. ಆದರೆ ಅದಕ್ಕೆ ಮೊದಲು ಜಿಐ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಅವರ ಕಚೇರಿ, ಜಿಐ ರಿಜಿಸ್ಟ್ರಿ, ಇರುವುದು ಚೆನ್ನೈನಲ್ಲಿ. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಮೇಳ ಮುಗಿದು ಪೆಂಡಾಲ್ ಕಿತ್ತಿರುತ್ತಾರೆ. ಅದಕ್ಕೇ ಹೇಳುತ್ತಿರುವುದು, ಮಳಿಗೆ ಕೊಡುವ ಮೊದಲೇ ಪ್ರಮಾಣಪತ್ರ ಕೇಳಿ ಅಂತ. ಇದಕ್ಕೆ ಚೆನ್ನೈಗೆ ಬರೆಯಬೇಕಿಲ್ಲ. ನಿಮ್ಮ ಒಂದು ಸುತ್ತೋಲೆ ಸಾಕು.

ನಮ್ಮ ಥರ ಬಣ್ಣ, ಕನ್ನಡಿ ಹಾಕಿ ಯಾರಾದರೂ ಬ್ಯಾಗ್ ಮಾಡಿಕೊಂಡರೆ ಜಿಐ ಕಾಯ್ದೆ ಅದನ್ನು ತಡೆಯುವುದಿಲ್ಲ. ಅದು ಕಾಯುವುದು ಹೆಸರನ್ನು ಮಾತ್ರ. ನಮ್ಮ ಕೈಯಲ್ಲಿರುವುದು ಅದೊಂದೇ. ಅದನ್ನೂ ಬಿಟ್ಟುಕೊಡಿ ಅಂದರೆ ನಾವು ಎಲ್ಲಿಗೆ ಹೋಗಬೇಕು?

ಕೊಲ್ಹಾಪುರಿ ಚಪ್ಪಲಿ ವಿಷಯ ನೋಡಿ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಥರದ ಚಪ್ಪಲಿ ತೋರಿಸಿ ದೊಡ್ಡ ಸುದ್ದಿ ಆಯಿತು. ವಕೀಲರು ಬಾಂಬೆ ಹೈಕೋರ್ಟಿಗೆ ಹೋದರೆ, ಜಿಐ ನೋಂದಾಯಿಸಿಕೊಂಡವರೇ ಬರಬೇಕು ಅಂತ ಅರ್ಜಿ ವಜಾ ಆಯಿತು. ಆ ಚಪ್ಪಲಿಯ ಜಿಐ ಮಹಾರಾಷ್ಟ್ರದ ನಿಗಮದ ಜೊತೆ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಹೆಸರಿನಲ್ಲೂ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಚಮ್ಮಾರರ ಬೆನ್ನಿಗೆ ನಿಗಮವಾದರೂ ಇದೆ. ಬೆರಳು ಸವೆಸಿ ಹೊಲಿಯುವ ತಾಂಡಾದ ಹೆಂಗಸರು ವಕೀಲರ ಫೀಸು ಎಲ್ಲಿಂದ ತರಬೇಕು? ಅಧಿಕೃತ ಬಳಕೆದಾರರೂ ಕೇಸು ಹಾಕಬಹುದು ಅಂತ ಕಾಯ್ದೆ ಹೇಳುತ್ತದೆ, ನಿಜ. ಒಂದು ದಿನ ಕೋರ್ಟಿಗೆ ಅಲೆದರೆ ಆ ದಿನದ ಕೂಲಿ ಹೋಯಿತು, ಅಲ್ವಾ?

ಬೆಂಗಳೂರಿನಲ್ಲಿ ಜಿಐ ದೂರು ತೆಗೆದುಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿ. ಚೆನ್ನೈಗೆ ಬರೆಯುವುದು, ಪೊಲೀಸರನ್ನು ಕರೆಯುವುದು, ಸರ್ಕಾರದ ಖರ್ಚಿನಲ್ಲಿ ಕೇಸು ನಡೆಸುವುದು ಅವರ ಕೆಲಸವಾಗಲಿ. ಅದಕ್ಕೆ ಸಮಯ ಬೇಕು ಅನ್ನುವುದಾದರೆ ಮೊದಲು ಸುತ್ತೋಲೆ ಹೊರಡಿಸಿ: ಪ್ರಮಾಣಪತ್ರ ಇಲ್ಲದವರಿಗೆ ಜಿಐ ಹೆಸರಿನಲ್ಲಿ ಮಳಿಗೆ ಇಲ್ಲ. ಮುಂದಿನ ಮೇಳದ ಅರ್ಜಿ ಕರೆಯುವ ಮೊದಲೇ ಇದು ಆಗಬೇಕು. ಅಮ್ಮನಿಗೆ ಬೋರ್ಡ್ ತೆಗೆಯಿರಿ ಅಂದವರ ಮೇಲೆ ಏನು ಕ್ರಮ ಅಂತಲೂ ದಯವಿಟ್ಟು ತಿಳಿಸಿ. ವಿವರ ಬೇಕಿದ್ದರೆ ಕರೆಯಿರಿ. ಆ ಮೇಳದ ಬಿಲ್ಲು, ಫೋಟೊ ಎಲ್ಲ ನನ್ನ ಹತ್ತಿರ ಇವೆ.

ಇಂತಿ,
ಸಂಡೂರಿನ ಲಂಬಾಣಿ ಕುಶಲಕರ್ಮಿಯ ಮಗಳು, ಬೆಂಗಳೂರು